ಬಾಣಂತಿಯ ರಕ್ತಸ್ರಾವಕ್ಕೊಂದು ಅಳತೆ

ತುಂಬುಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಸುಮಾರು 500ರಿಂದ 700 ಮಿಲಿಲೀಟರು ರಕ್ತ ಹರಿದುಬರುತ್ತದೆ. ಆಕೆಯ ಮೈಯಲ್ಲಿರುವ ಒಟ್ಟು ರಕ್ತವಾದರೋ ಐದಾರು ಲೀಟರು ಮಾತ್ರ. ಮಗು ಹುಟ್ಟಿದ ಮೇಲೆ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಂಡಾಗ, ಅದಕ್ಕೆ ರಕ್ತ ತರುತ್ತಿದ್ದ ನಾಳಗಳ ಬಾಯಿಗಳು ತೆರೆದುಕೊಳ್ಳುತ್ತವೆ. ಅವು ಹಾಗೆಯೇ ತೆರೆದಿದ್ದರೆ ಹತ್ತು ನಿಮಿಷಗಳಲ್ಲಿ ಏನಾದೀತೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಹಾಗಾಗದಂತೆ ಕಾಯುವುದು ಗರ್ಭಕೋಶದ ಸ್ನಾಯುವೇ. ಅದರ ಎಳೆಗಳು ನಾಳಗಳ ಸುತ್ತ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ. ದಾರವನ್ನೆಳೆದಾಗ ಎಲೆಯಡಕೆಯ ಸಂಚಿಯ ಬಾಯಿ ಮುಚ್ಚಿಕೊಳ್ಳುವಂತೆ, ಸ್ನಾಯು ಸಂಕುಚಿಸಿದೊಡನೆ ಈ ಎಳೆಗಳು ನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಸ್ನಾಯು ಸೋತು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲದು. ಮಾಸಿನ ತುಣುಕು ಒಳಗುಳಿಯುವುದು, ಜನನಮಾರ್ಗ ಹರಿಯುವುದು, ರಕ್ತ ಹೆಪ್ಪುಗಟ್ಟದಿರುವುದು ಇವೂ ಕಾರಣಗಳಾಗಬಹುದು. ಆದರೆ ಪ್ರಧಾನ ಕಾರಣ ಸ್ನಾಯುವಿನ ಈ ಸೋಲೇ.

ಆಗ ವೈದ್ಯರು ಹೊಟ್ಟೆಯ ಮೇಲಿನಿಂದಲೇ ಗರ್ಭಕೋಶವನ್ನು ಉಜ್ಜಿ ಗಟ್ಟಿಗೊಳಿಸುತ್ತಾರೆ. ಸ್ನಾಯುವನ್ನು ಸಂಕುಚಿಸುವ ಆಕ್ಸಿಟೋಸಿನ್ ಕೊಡುತ್ತಾರೆ. ನಮ್ಮ ದೇಹದಲ್ಲಿಯೇ ಇರುವ ಈ ಹಾರ್ಮೋನನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ಸಂಯೋಜಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕು. ವಿದ್ಯುತ್ತು ಕೈಕೊಡುವ ಊರಿನಲ್ಲಿ ಔಷಧವೂ ಕೈಕೊಡಬಹುದು! ಕಟ್ಟಿದ ಹೆಪ್ಪು ಕರಗದಂತೆ ತಡೆಯುವುದು ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಪ್ರಕಟಪಡಿಸಿದ ಈ ಔಷಧವನ್ನು 21 ದೇಶಗಳ 20,060 ಬಾಣಂತಿಯರಲ್ಲಿ ಪರೀಕ್ಷಿಸಿದ ಫಲ 2017ರಲ್ಲಿ ಹೊರಬಂದಿತು. ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟಲ್ಲಿ ರಕ್ತಸ್ರಾವದ ಸಾವುಗಳು ಮೂರರಲ್ಲೊಂದು ಪಾಲಿನಷ್ಟು ಇಳಿದಿದ್ದವು. ಸಂಶೋಧಕಿ ಉಟಾಕೊ ಒಕಾಮೊಟೊ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇದಾವುದಕ್ಕೂ ಜಗ್ಗದಿದ್ದರೆ ಗರ್ಭಕೋಶದೊಳಗೆ ಬೆಲೂನನ್ನಿಟ್ಟು ದ್ರವ ತುಂಬಿ ಒತ್ತುವುದು, ಶಸ್ತ್ರಕ್ರಿಯೆ, ಕಟ್ಟಕಡೆಗೆ ಗರ್ಭಕೋಶವನ್ನೇ ತೆಗೆಯುವುದು.

ಆಯುಧಗಳೇನೋ ಇವೆ. ಎತ್ತಬೇಕಾದ ಗಳಿಗೆ ಯಾವುದು? ಸ್ರಾವ 500 ಮಿಲಿಲೀಟರು ಮುಟ್ಟಿದರೆ ಅಪಾಯವೆಂಬುದು ಬಹುಕಾಲದ ಲೆಕ್ಕ. ಆದರೆ ಆ 500ನ್ನು ಅಳೆದವರಾರು? ಬಹುಕಾಲ ಕಣ್ಣಂದಾಜೇ ಅಳತೆಯಾಗಿತ್ತು. ಭೌತಶಾಸ್ತ್ರವನ್ನು ಓದುವ ನಮಗೆ ಇದು ಸೋಜಿಗವೆನಿಸುತ್ತದೆ. ಅರ್ಧ ಲೀಟರು ದ್ರವ ಒಂದು ಮಿಲಿಮೀಟರು ದಪ್ಪಕ್ಕೆ ಹರಡಿದರೆ ಅರ್ಧ ಚದರ ಮೀಟರನ್ನು ಆವರಿಸುತ್ತದೆ. ಅದೇ ಮಡಿಸಿದ ಬಟ್ಟೆಯಲ್ಲಿ ಇಂಗಿದರೆ ಅಂಗೈಯಗಲದ ಕಲೆಯಾಗಿ ತೋರೀತು. ಸಂದೇಹವಿದ್ದವರು ಅಳೆದ ಓಕುಳಿಯನ್ನು ಹಳೆಯ ಸೀರೆಯ ಮೇಲೆ ಸುರಿದು, ಎಷ್ಟೆಂದು ಗೆಳೆಯರನ್ನು ಕೇಳಿ ನೋಡಲಿ. ಬಾಣಂತಿಯ ಮೈಯೂ ಮೋಸಮಾಡುತ್ತದೆ. ಆರೋಗ್ಯವಂತ ತರುಣಿಯ ರಕ್ತನಾಳಗಳು ಬಿಗಿದುಕೊಂಡು, ನಾಡಿ ವೇಗವಾಗಿ ಬಡಿದು, ಬಹಳಷ್ಟು ರಕ್ತ ಹೋಗುವವರೆಗೂ ಒತ್ತಡ ಕುಸಿಯದಂತೆ ಕಾಯ್ದುಕೊಳ್ಳುತ್ತವೆ.

ಈ ಕೊರತೆಗೆ ಬೆಳಗಾವಿಯಲ್ಲೊಂದು ಪರಿಹಾರ ಹುಟ್ಟಿತು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ ರೂಪಿಸಿದ್ದು ಪ್ಲಾಸ್ಟಿಕ್ ಹಾಳೆ. ಕೆಳಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಮಗು ಹುಟ್ಟಿದೊಡನೆ ಇದನ್ನು ತಾಯಿಯ ಕೆಳಗೆ ಹಾಸುತ್ತಾರೆ. ಕಣ್ಣಂದಾಜು ಚೀಲದ ಅಳತೆಗಿಂತ ನೂರಕ್ಕೆ 33ರಷ್ಟು ಕಡಮೆಯೆಂದು 2006ರ ವರದಿ ತಿಳಿಸಿತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಶೈತ್ಯದ ಹಂಗಿಲ್ಲದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 1620 ಮಹಿಳೆಯರಲ್ಲಿ ಪರೀಕ್ಷಿಸಿದಾಗ ಅಳತೆಗೆ ಬಳಸಿದ್ದೂ ಇದೇ ಚೀಲ. ಮಾತ್ರೆ ನುಂಗಿದವರಲ್ಲಿ ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು.

ಇಂಥದೇ ಚೀಲವನ್ನು ಮುಂದೆ ಕೆನ್ಯಾ, ನೈಜೀರಿಯ, ಟಾಂಜಾನಿಯ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ ದೊಡ್ಡ ಪರೀಕ್ಷೆಗೊಡ್ಡಿದರು. ಹಿಂದೆ ಒಂದು ಚಿಕಿತ್ಸೆ ಫಲಿಸದಾಗ ಇನ್ನೊಂದನ್ನು ಹಿಡಿಯುವ ಪದ್ಧತಿಯಿತ್ತು. ಇಲ್ಲಿ ರಕ್ತ ಗೆರೆ ಮುಟ್ಟಿದೊಡನೆ ಉಜ್ಜುವಿಕೆ, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಶಿರೆಯ ಮೂಲಕ ದ್ರವ, ಕಾರಣದ ತಪಾಸಣೆ ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಳೆಯ ಕ್ರಮದಲ್ಲಿ ಅತಿಸ್ರಾವದ ನೂರು ಪ್ರಸಂಗಗಳಲ್ಲಿ 51 ಮಾತ್ರ ಗಮನಕ್ಕೆ ಬಂದಿದ್ದರೆ, ಹೊಸ ಕ್ರಮದಲ್ಲಿ 93 ಬಂದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಕ್ರಿಯೆ, ಅದರಿಂದ ಮರಣ ಇವೆಲ್ಲ ಸೇರಿ ನೂರು ಹೆರಿಗೆಗಳಿಗೆ 4.3 ಇದ್ದುದು 1.6ಕ್ಕೆ ಇಳಿಯಿತು.