ಸ್ಪಂಜಿನ ಮನೆಯಲ್ಲಿ ಮದ್ದು ಅರೆಯುವವರು

ಮುಂಗಾರಿನ ಮೊದಲ ಮಳೆ ಬಿದ್ದಾಗ ಎರೆಹೊಲದಿಂದ ಏಳುವ ಮಣ್ಣಿನ ವಾಸನೆ ರೋಣ ತಾಲ್ಲೂಕಿನ ಅಬ್ಬಿಗೇರಿಯ ಮಕ್ಕಳಿಗೆ ಹೊಸದಲ್ಲ. ಆದರೆ ಆ ವಾಸನೆ ಬರೀ ಮಣ್ಣಿನದಲ್ಲ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕದ್ದು. ಇದೇ ಕುಲದ ಬ್ಯಾಕ್ಟೀರಿಯದಿಂದ 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯಕ್ಕೆ ಸಿಕ್ಕ ಮೊದಲ ಪರಿಣಾಮಕಾರಿ ಆಂಟಿಬಯಾಟಿಕ್ ಅದು.

ಮುಂದೆ ದಶಕಗಳ ಕಾಲ ಜಗತ್ತಿನ ಮಣ್ಣನ್ನೆಲ್ಲ ಜಾಲಾಡಿದ್ದಾಯಿತು. ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ಇತ್ತ ರೋಗಾಣುಗಳು ಹಳೆಯ ಔಷಧಗಳಿಗೆ ಜಗ್ಗದಂತಾದವು. ಆಗ ವಿಜ್ಞಾನಿಗಳ ಕಣ್ಣು ಕಡಲಿನತ್ತ ಹೊರಳಿತು. ಅಲ್ಲಿ ಅವರ ಗಮನ ಸೆಳೆದ ಜೀವಿಗಳಲ್ಲಿ ಸ್ಪಂಜು ಮುಖ್ಯವಾದುದು.

ಓಡಲಾರದ ಪ್ರಾಣಿ

ಸ್ಪಂಜು ನೋಡಲು ಗಿಡದಂತಿದ್ದರೂ ಪ್ರಾಣಿ. ಇದಕ್ಕೆ ಹಲ್ಲಿಲ್ಲ, ಉಗುರಿಲ್ಲ. ಬಂಡೆಗೆ ಅಂಟಿಕೊಂಡ ಮೇಲೆ ಓಡುವಂತೆಯೂ ಇಲ್ಲ. ಮೈತುಂಬ ಇರುವ ರಂಧ್ರಗಳಿಂದ ನೀರು ಹೀರಿ, ಸೋಸಿ, ಅದರಲ್ಲಿನ ಸೂಕ್ಷ್ಮ ಆಹಾರ ತಿನ್ನುವುದಷ್ಟೇ ಇದರ ಬದುಕು. ಒಂದು ಕಿಲೋ ತೂಗುವ ಸ್ಪಂಜು ದಿನಕ್ಕೆ ಸಾವಿರಾರು ಲೀಟರ್ ನೀರು ಸೋಸಬಲ್ಲದು. ಇಂಥ ನಿಶ್ಶಸ್ತ್ರ ಪ್ರಾಣಿ ಶತ್ರುಗಳ ನಡುವೆ ಉಳಿದದ್ದು ಹೇಗೆ? ಮೈಯಲ್ಲಿರುವ ರಾಸಾಯನಿಕಗಳ ಬಲದಿಂದ.

1950ರ ಸುಮಾರಿಗೆ ವೆರ್ನರ್ ಬರ್ಗ್‌ಮನ್, ಅಮೆರಿಕದ ಫ್ಲಾರಿಡಾ ಕಡಲಿನ ಸ್ಪಂಜೊಂದರಲ್ಲಿ ವಿಚಿತ್ರ ನ್ಯೂಕ್ಲಿಯೊಸೈಡ್‌ಗಳನ್ನು ಗುರುತಿಸಿದರು. ಅವುಗಳ ಜಾಡು ಹಿಡಿದು ರೂಪಿಸಿದ ಸೈಟಾರಬಿನ್ 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ.

ಆರು ನೂರು ಕಿಲೋಗೆ ಹನ್ನೆರಡೂವರೆ ಮಿಲಿಗ್ರಾಂ!

ತೊಡಕು ಬಂದದ್ದು ಪ್ರಮಾಣದಲ್ಲಿ. 1986ರಲ್ಲಿ ಜಪಾನಿನ ವಿಜ್ಞಾನಿಗಳು ಕ್ಯಾನ್ಸರ್ ಕೋಶಗಳನ್ನು ತಡೆಯಬಲ್ಲ ಹ್ಯಾಲಿಕಾಂಡ್ರಿನ್-ಬಿ ಎಂಬ ವಸ್ತುವನ್ನು ವರದಿ ಮಾಡಿದರು. 600 ಕಿಲೋ ಸ್ಪಂಜಿನಿಂದ ಸಿಕ್ಕಿದ್ದು ಕೇವಲ 12.5 ಮಿಲಿಗ್ರಾಂ! ಹೀಗೆ ಕಿತ್ತರೆ ಔಷಧ ಸಿದ್ಧವಾಗುವ ಮೊದಲೇ ಸ್ಪಂಜು ನಿರ್ನಾಮವಾದೀತು. ಕೊನೆಗೆ ರಸಾಯನವಿಜ್ಞಾನಿಗಳು ಅದರ ಸರಳ ರೂಪವನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಎರಿಬುಲಿನ್ ಎಂಬ ಆ ಔಷಧ 2010ರಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಬಂತು. ಆದರೆ ಎಲ್ಲ ಅಣುಗಳನ್ನೂ ಹೀಗೆ ಕಟ್ಟುವುದು ಸುಲಭವಲ್ಲ, ಅಗ್ಗವೂ ಅಲ್ಲ.

ಮಾಡುವವರು ಯಾರು?

ಹಾಗಾದರೆ ಇವನ್ನೆಲ್ಲ ತಯಾರಿಸುವುದು ಸ್ಪಂಜೇನಾ? ಅನೇಕ ಬಾರಿ ಅಲ್ಲ. ಕೆಲವು ಸ್ಪಂಜುಗಳ ಮೈಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಸೂಕ್ಷ್ಮಜೀವಿಗಳೇ ತುಂಬಿರುತ್ತವೆ. ಸ್ಪಂಜು ಇವಕ್ಕೆ ನೆಲೆ ಕೊಡುತ್ತದೆ; ಇವುಗಳಲ್ಲಿ ಕೆಲವು ಅದಕ್ಕಾಗಿ ಮದ್ದು ಅರೆಯುತ್ತವೆ. 2014ರಲ್ಲಿ ಯೋರ್ನ್ ಪೀಲ್ ಅವರ ತಂಡ, ಜಪಾನಿನ ಥಿಯೊನೆಲ್ಲ ಎಂಬ ಸ್ಪಂಜಿನಲ್ಲಿ ಸಿಗುವ ಬಹುಪಾಲು ಪರಿಣಾಮಕಾರಿ ರಾಸಾಯನಿಕಗಳ ನಿಜವಾದ ತಯಾರಕ ಅದರೊಳಗಿನ ಎಂಟೊಥಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಎಂದು ತೋರಿಸಿತು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಸ್ಪಂಜೊಂದರಲ್ಲಿದ್ದ ಸ್ಯಾಲಿನಿಸ್ಪೋರ ಎಂಬ ಬ್ಯಾಕ್ಟೀರಿಯವಂತೂ ರಿಫಾಮೈಸಿನ್ ತಯಾರಿಸುತ್ತದೆಂದು 2006ರಲ್ಲಿ ವರದಿಯಾಯಿತು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದೇ ಮನೆತನದ ಔಷಧ. ಸ್ಯಾಲಿನಿಸ್ಪೋರ ನಮ್ಮ ಹೊಲದ ಸ್ಟ್ರೆಪ್ಟೊಮೈಸಿಸ್‌ಗೆ ದೂರದ ದಾಯಾದಿಯೂ ಹೌದು.

ಇದರ ಲಾಭ ದೊಡ್ಡದು. ತಯಾರಕ ಬ್ಯಾಕ್ಟೀರಿಯವೆಂದು ತಿಳಿದರೆ ಸ್ಪಂಜನ್ನು ರಾಶಿಗಟ್ಟಲೆ ಕೀಳಬೇಕಿಲ್ಲ, ಚೂರು ಸಾಕು. ಬ್ಯಾಕ್ಟೀರಿಯವನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಬಹುದು. ಆದರೆ ಎಂಟೊಥಿಯೊನೆಲ್ಲದಂಥವು ಸ್ಪಂಜಿನ ಹೊರಗೆ ಬೆಳೆಯಲು ಒಪ್ಪುವುದಿಲ್ಲ. ಅಂಥಲ್ಲಿ ಅವುಗಳ ವಂಶವಾಹಿಗಳನ್ನು ಓದಿ, ಬೆಳೆಸಲು ಸುಲಭವಾದ ಇನ್ನೊಂದು ಬ್ಯಾಕ್ಟೀರಿಯಕ್ಕೆ ಸೇರಿಸುವ ಪ್ರಯತ್ನ ನಡೆದಿದೆ. ಅಣು ಸಿಕ್ಕ ಕೂಡಲೇ ಮಾತ್ರೆ ಸಿದ್ಧವಾಗುವುದಿಲ್ಲ ಎಂಬುದೂ ನೆನಪಿರಲಿ. ವಿಷಪರೀಕ್ಷೆ, ರೋಗಿಗಳ ಮೇಲಿನ ಪರೀಕ್ಷೆ ಎಂದು ಹತ್ತಾರು ವರ್ಷ ಹಿಡಿಯುತ್ತದೆ; ಹೆಚ್ಚಿನವು ನಡುದಾರಿಯಲ್ಲೇ ಬೀಳುತ್ತವೆ.

ನಮ್ಮ ಮಕ್ಕಳಿಗೆ ದಾರಿ

ಕರ್ನಾಟಕಕ್ಕೆ ಸುಮಾರು 300 ಕಿಲೋಮೀಟರಿನ ಕರಾವಳಿಯಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಇವೆ. ಗದಗ ಜಿಲ್ಲೆಯ ವಿದ್ಯಾರ್ಥಿಗೆ ಕಡಲು ದೂರವೆನಿಸಿದರೂ ಕಡಲ ವಿದ್ಯೆ ದೂರವಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿವಿಜ್ಞಾನವಿದೆ. ಅದರದೇ ಸಾಗರ ಜೀವವಿಜ್ಞಾನ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಪಿಯುಸಿಯಲ್ಲಿ ಜೀವಶಾಸ್ತ್ರದಷ್ಟೇ ಶ್ರದ್ಧೆಯಿಂದ ರಸಾಯನಶಾಸ್ತ್ರ ಓದಿದವರಿಗೆ ಇಲ್ಲಿ ಕೆಲಸವಿದೆ. ವಂಶವಾಹಿ ಓದಲು ಕಂಪ್ಯೂಟರ್ ಬಲ್ಲವರೂ ಬೇಕು. ಮಗ ಅಥವಾ ಮಗಳು ಡಾಕ್ಟರಾಗಲಿ ಎಂದು ಹಂಬಲಿಸುವ ತಂದೆತಾಯಿಗಳು, ಡಾಕ್ಟರು ಬರೆದುಕೊಡುವ ಔಷಧವನ್ನು ಹುಡುಕುವ ವಿದ್ಯೆಯೂ ಒಂದಿದೆ ಎಂಬುದನ್ನು ಮರೆಯದಿರಲಿ.