ಅಪ್‌ಗ್ರೇಡ್ ಆದ ಮೇಲೆ ಅಳತೆ ತಪ್ಪುವ ಪರದೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಕರ್ನಲ್ ಅಥವಾ ಗ್ರಾಫಿಕ್ಸ್ ಡ್ರೈವರ್ ಅಪ್‌ಗ್ರೇಡ್ ಆದ ಬೆನ್ನಿಗೇ 1920×1080 ಪಿಕ್ಸೆಲ್‌ಗಳ ಪರದೆ 1024×768ಕ್ಕೆ ಇಳಿದುಬಿಡುವುದುಂಟು. ಅಕ್ಷರಗಳು ದಪ್ಪಗಾಗುತ್ತವೆ, ಚಿತ್ರಗಳು ಅಗಲಕ್ಕೆ ಎಳೆದಂತೆ ಕಾಣುತ್ತವೆ, ವಿಂಡೋಗಳ ಕೆಳತುದಿ ಪರದೆಯಿಂದಾಚೆ ಹೋಗಿ ಒತ್ತಬೇಕಾದ ಬಟನ್ನೇ ಸಿಗುವುದಿಲ್ಲ. ಸೆಟ್ಟಿಂಗ್ಸ್ ತೆರೆದರೆ ಆಯ್ಕೆಗೆ ಇರುವುದೂ ಅದೊಂದೇ ಅಳತೆ. ಮಾನಿಟರ್ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ಯುವವರೂ ಇದ್ದಾರೆ, ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಮತ್ತೆ ಹಾಕುವವರೂ ಇದ್ದಾರೆ. ಬಹುಮಟ್ಟಿಗೆ ಎರಡೂ ಬೇಕಾಗುವುದಿಲ್ಲ.

ಪರದೆಯ ಅಳತೆಯನ್ನು ಮೊದಲು ಹೇಳುವುದು ಮಾನಿಟರೇ. ಅದರೊಳಗಿನ ಪುಟ್ಟ ಚಿಪ್ಪಿನಲ್ಲಿ ಇಡಿಐಡಿ ಎಂಬ ಮಾಹಿತಿಯ ತುಣುಕು ಇರುತ್ತದೆ. ಇದರ ಮೂಲ ಭಾಗ ಬರೀ 128 ಬೈಟ್. ತಯಾರಕರ ಸಂಕೇತ, ತಯಾರಾದ ವರ್ಷ, ಮಾನಿಟರಿಗೆ ಒಪ್ಪುವ ಅಳತೆಗಳು, ಅವುಗಳಲ್ಲಿ ಮೊದಲ ಆದ್ಯತೆ ಯಾವುದಕ್ಕೆ ಎಂಬುದೆಲ್ಲ ಅದರಲ್ಲಿದೆ. ಕೇಬಲ್ಲಿನ ಮೂಲಕ ಗ್ರಾಫಿಕ್ಸ್ ಡ್ರೈವರ್ ಇದನ್ನು ಓದಿಕೊಳ್ಳುತ್ತದೆ. ಅಳತೆ ಹೊಂದಿಸುವ ಕೆಲಸವನ್ನು ಲಿನಕ್ಸಿನಲ್ಲಿ ಕರ್ನಲ್ಲೇ ವಹಿಸಿಕೊಳ್ಳತೊಡಗಿದ್ದು 2009ರಲ್ಲಿ, ಇಂಟೆಲ್ ಚಿಪ್ಪುಗಳಿಂದ ಮೊದಲುಗೊಂಡು. ಸೆಟ್ಟಿಂಗ್ಸಿನಲ್ಲಿ ಕಾಣುವ ಪಟ್ಟಿ ಈ ಓದಿನ ಫಲ. ಹಾಗಾಗಿ ಪಟ್ಟಿ ಕುಗ್ಗಿದೆ ಎಂದರೆ ಒಂದೋ ಓದಬೇಕಾದ ಡ್ರೈವರ್ ಕೆಲಸಕ್ಕೆ ಬಂದಿಲ್ಲ, ಇಲ್ಲವೇ ಡ್ರೈವರ್ ಇದ್ದೂ ಮಾನಿಟರಿನ ಮಾತು ಅದಕ್ಕೆ ತಲುಪಿಲ್ಲ. ಯಾವುದೆಂದು ತಿಳಿಯದೆ ಅಳತೆಯನ್ನು ಬಲವಂತವಾಗಿ ಹೇರಹೊರಟರೆ ಗಂಟೆಗಟ್ಟಲೆ ಸಮಯ ವ್ಯರ್ಥ.

ತಿಳಿಯುವ ಸುಲಭ ದಾರಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ. ಅದಕ್ಕೆ ಕೆ ಎಂಬ ಆಯ್ಕೆ ಸೇರಿಸಿ ಟರ್ಮಿನಲ್ಲಿನಲ್ಲಿ ಕೊಟ್ಟರೆ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರುತ್ತದೆ: ಇಂಟೆಲ್‌ಗೆ ಸಾಮಾನ್ಯವಾಗಿ ಐ915, ಎಎಂಡಿಗೆ ಎಎಂಡಿಜಿಪಿಯು, ಎನ್‌ವಿಡಿಯಾಕ್ಕೆ ಅದರದೇ ಹೆಸರು ಅಥವಾ ನೂವೋ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಬಂದಿಲ್ಲ. ಸೆಟ್ಟಿಂಗ್ಸಿನ ‘ಅಬೌಟ್’ ಪುಟದಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೂ ಅನುಮಾನ ಅತ್ತಲೇ; ಕಾರ್ಡನ್ನು ಬಿಟ್ಟು ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆ ಎಂದು ಅದರರ್ಥ. ಇನ್ನೊಂದು ಪರೀಕ್ಷೆಯೂ ಇದೆ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ, ಅದರಲ್ಲಿ ಪರದೆ ಸರಿಯಾಗಿ ಬಂದರೆ ಮಾನಿಟರ್ ಮತ್ತು ಕೇಬಲ್ ಎರಡರ ಮೇಲೂ ದೂರು ಇಲ್ಲ.

ಡ್ರೈವರ್ ತಪ್ಪಿಹೋಗುವುದು ಹೆಚ್ಚಾಗಿ ಎನ್‌ವಿಡಿಯಾ ಕಾರ್ಡುಗಳಲ್ಲಿ. ಇಂಟೆಲ್ ಮತ್ತು ಎಎಂಡಿ ಡ್ರೈವರುಗಳು ಕರ್ನಲ್ಲಿನ ಜೊತೆಗೇ ಬರುತ್ತವೆ. ಎನ್‌ವಿಡಿಯಾ ಕಂಪನಿಯ ಡ್ರೈವರ್ ಹೊರಗಿನದು. ಹಲವೆಡೆ ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ಹೊಸ ಕರ್ನಲ್ಲಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಕಟ್ಟಲು ಆ ಕರ್ನಲ್ಲಿನ ಹೆಡರ್ ಫೈಲುಗಳು ಬೇಕು. ಅವು ಇನ್‌ಸ್ಟಾಲ್ ಆಗಿರದಿದ್ದರೆ ಕಟ್ಟುವ ಕೆಲಸ ನಿಂತುಹೋಗುತ್ತದೆ, ಬಳಕೆದಾರರ ಕಣ್ಣಿಗೆ ಬೀಳುವಂಥ ಎಚ್ಚರಿಕೆ ಬರುವುದೂ ಅಪರೂಪ. ಡಿಕೆಎಂಎಸ್ ಸ್ಟೇಟಸ್ ಎಂದು ಕೇಳಿದರೆ ಯಾವ ಕರ್ನಲ್ಲಿಗೆ ಡ್ರೈವರ್ ಸಿದ್ಧವಿದೆ ಎಂಬುದು ಗೊತ್ತಾಗುತ್ತದೆ. ಹೆಡರುಗಳನ್ನು ಹಾಕಿ ಡ್ರೈವರ್ ಪ್ಯಾಕೇಜನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರೆ ಪರದೆ ಮೊದಲಿನಂತಾಗುವುದೇ ಹೆಚ್ಚು.

ಡ್ರೈವರ್ ಸಿದ್ಧವಿದ್ದೂ ಒಳಗೆ ಬರಲಾಗದ ಸಂದರ್ಭ ಇನ್ನೊಂದು. ಸೆಕ್ಯೂರ್ ಬೂಟ್ ಚಾಲೂ ಇರುವ ಕಂಪ್ಯೂಟರಿನಲ್ಲಿ, ನಂಬಿಕೆಯ ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ಕರ್ನಲ್ ಸೇರಿಸಿಕೊಳ್ಳುವುದಿಲ್ಲ. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ಮರುಚಾಲನೆಯಾದಾಗ ಬರುವ ನೀಲಿ ಪರದೆಯಲ್ಲಿ ಅದನ್ನೇ ಕೊಟ್ಟು ಸಹಿಯ ಕೀಲಿಯನ್ನು ನೋಂದಾಯಿಸಲು ಹೇಳುತ್ತದೆ. ಆ ನೀಲಿ ಪರದೆ ಕೆಲವೇ ಸೆಕೆಂಡು ಕಾದು ಹೊರಟುಹೋಗುವುದರಿಂದ ಅನೇಕರು ಅದನ್ನು ತಪ್ಪಿಸಿಕೊಳ್ಳುತ್ತಾರೆ. ಡ್ರೈವರನ್ನು ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ, ಮರುಚಾಲನೆಯ ಹೊತ್ತಿಗೆ ಪರದೆಯ ಮುಂದೆಯೇ ಕೂತಿರಬೇಕು.

ಹಳೆಯ ಎನ್‌ವಿಡಿಯಾ ಕಾರ್ಡುಗಳದ್ದು ಬೇರೆ ಕಷ್ಟ. ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ 470 ಸರಣಿಯ ಡ್ರೈವರೇ ಕೊನೆ; 2016ರಲ್ಲಿ ಬಂದ ಪ್ಯಾಸ್ಕಲ್ ಪೀಳಿಗೆಯ ಜಿಟಿಎಕ್ಸ್ 1050, 1060ರಂಥವಕ್ಕೆ 580. ಅಪ್‌ಗ್ರೇಡ್ ಇವಕ್ಕಿಂತ ಹೊಸ ಸರಣಿಯನ್ನು ತಂದಿಟ್ಟರೆ ಕಾರ್ಡು ಅದಕ್ಕೆ ಅಪರಿಚಿತ. ತಕ್ಕ ಹಳೆಯ ಸರಣಿಗೆ ಮರಳುವುದು ಅಥವಾ ಮುಕ್ತ ಡ್ರೈವರಾದ ನೂವೋವನ್ನು ಬಳಸುವುದು ಉಳಿಯುವ ದಾರಿ. ಹಿಂದೆಂದೋ ಬೇರೆ ತೊಂದರೆಗೆಂದು ಗ್ರಬ್ ಸಂರಚನೆಯಲ್ಲಿ ಸೇರಿಸಿ ಮರೆತ ನೋಮೋಡ್‌ಸೆಟ್ ಎಂಬ ಪದವೂ ಇದೇ ಅವಸ್ಥೆ ತರುತ್ತದೆ. ಅದನ್ನು ತೆಗೆದು ಗ್ರಬ್ ನವೀಕರಿಸಿದರೆ ಸಾಕು.

ಡ್ರೈವರ್ ಸರಿಯಾಗಿದ್ದೂ ಅಳತೆ ಸಿಗದಿದ್ದರೆ ಇಡಿಐಡಿಯತ್ತ ತಿರುಗಬೇಕು. 128 ಬೈಟ್‌ಗಳ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕೆಂಬುದು ಅದರ ತಾಳೆಯ ನಿಯಮ. ತಾಳೆ ತಪ್ಪಿದ ಮಾಹಿತಿಯನ್ನು ಡ್ರೈವರ್ ತಳ್ಳಿಹಾಕಬಹುದು. ವಿಜಿಎ ಕೇಬಲ್ಲಿನಲ್ಲಿ ಈ ಮಾತು ಹರಿಯುವುದು 12 ಮತ್ತು 15ನೇ ಪಿನ್ನುಗಳಲ್ಲಿ. ಅಗ್ಗದ ಕೇಬಲ್ಲುಗಳಲ್ಲಿ ಆ ತಂತಿಗಳೇ ಇಲ್ಲದಿರುವುದುಂಟು, ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ. ಎರಡು ಕಂಪ್ಯೂಟರಿಗೆ ಒಂದೇ ಮಾನಿಟರ್ ಕೊಡುವ ಕೆವಿಎಂ ಸ್ವಿಚ್ಚುಗಳು, ವಿಜಿಎ–ಎಚ್‌ಡಿಎಂಐ ಅಡಾಪ್ಟರುಗಳು ಕೂಡ ಮಾಹಿತಿಯನ್ನು ತಡೆಯುವುದುಂಟು. ನಡುವಿನದನ್ನೆಲ್ಲ ತೆಗೆದು, ಬೇರೆ ಕೇಬಲ್ಲಿನಲ್ಲಿ ನೇರವಾಗಿ ಜೋಡಿಸಿ ನೋಡುವುದು ಯಾವ ಆಜ್ಞೆಗಿಂತಲೂ ಮೊದಲು ಮಾಡಬೇಕಾದ ಕೆಲಸ.

ಇಷ್ಟಾದರೂ ಬಗೆಹರಿಯದಿದ್ದರೆ ಅಳತೆಯನ್ನು ಕೈಯಿಂದ ಕೊಡಬಹುದು. ಪರದೆಗೆ ಚಿತ್ರ ಒದಗಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್‌ನಲ್ಲಿ ಸಿವಿಟಿ ಎಂಬ ಆಜ್ಞೆಗೆ 1920, 1080 ಎಂದು ಕೊಟ್ಟರೆ ಮೋಡ್‌ಲೈನ್ ಎಂಬ ಅಂಕಿಗಳ ಸಾಲು ಸಿಗುತ್ತದೆ; ಎಕ್ಸ್‌ರ್ಯಾಂಡರ್ ಆಜ್ಞೆಯಿಂದ ಅದನ್ನು ಸೇರಿಸಿ, ಮಾನಿಟರ್ ಜೋಡಿಸಿದ ಪೋರ್ಟಿಗೆ ಅಂಟಿಸಿ, ಜಾರಿಗೆ ತರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕಾಣುವ ಪಿಕ್ಸೆಲ್‌ಗಳ ಸುತ್ತ ಕಾಣದ ಅಂಚನ್ನೂ ಸಂಕೇತ ಹೊತ್ತು ಸಾಗುತ್ತದೆ. ಟಿವಿಗಳ ಮಾನಕದಲ್ಲಿ ಒಟ್ಟು 2200×1125; ಸೆಕೆಂಡಿಗೆ 60 ಬಾರಿ ಎಂದರೆ 148.5 ಮೆಗಾಹರ್ಟ್ಸ್. ಸಿವಿಟಿ ಕೊಡುವ ಸಾಲಿನಲ್ಲಿ ಅಂಚು ಇನ್ನೂ ದೊಡ್ಡದು, ಲೆಕ್ಕ 173ಕ್ಕೆ ಏರುತ್ತದೆ. ಒಂಟಿ ಲಿಂಕಿನ ಡಿವಿಐ ಮತ್ತು ಆರಂಭದ ಎಚ್‌ಡಿಎಂಐಗಳ ಮಿತಿ 165. ಸರಿಯಾದ ಅಳತೆ ಕೊಟ್ಟೂ ಪರದೆ ಕಪ್ಪಾಗುವುದಕ್ಕೆ ಹಲವೆಡೆ ಇದೇ ಕಾರಣ. ಸಿವಿಟಿಗೆ ಆರ್ ಎಂಬ ಆಯ್ಕೆ ಕೊಟ್ಟರೆ ಅಂಚು ಕಿರಿದಾಗಿ 138.5ಕ್ಕೆ ಇಳಿಯುತ್ತದೆ. ಎಕ್ಸ್‌ರ್ಯಾಂಡರಿನ ಬದಲಾವಣೆ ಮರುಚಾಲನೆಯಾದರೆ ಅಳಿಸಿಹೋಗುವುದರಿಂದ, ಪರದೆ ಕಪ್ಪಾದರೂ ಗಾಬರಿಪಡಬೇಕಿಲ್ಲ.

ಅಳತೆ ಒಪ್ಪಿಗೆಯಾದ ಮೇಲೆ ಆ ಆಜ್ಞೆಗಳನ್ನು ಹೋಮ್ ಫೋಲ್ಡರಿನ ಎಕ್ಸ್‌ಪ್ರೊಫೈಲ್ ಫೈಲಿನಲ್ಲಿಟ್ಟರೆ ಲಾಗಿನ್ ಆದಾಗಲೆಲ್ಲ ತಾವೇ ಜಾರಿಯಾಗುತ್ತವೆ. ಆದರೆ ಪೋರ್ಟಿನ ಹೆಸರು ಡ್ರೈವರಿನಿಂದ ಡ್ರೈವರಿಗೆ ಬದಲಾಗುತ್ತದೆ. ಎಕ್ಸ್‌ನ ಹಳೆಯ ಇಂಟೆಲ್ ಡ್ರೈವರ್ ಎಚ್‌ಡಿಎಂಐ1 ಎನ್ನುವುದನ್ನು ಈಗಿನ ಮೋಡ್‌ಸೆಟ್ಟಿಂಗ್ ಡ್ರೈವರ್ ನಡುವೆ ಅಡ್ಡಗೆರೆಯಿಟ್ಟು ಎಚ್‌ಡಿಎಂಐ-1 ಎನ್ನುತ್ತದೆ, ಕರ್ನಲ್ ಎಚ್‌ಡಿಎಂಐ-ಎ-1 ಎನ್ನುತ್ತದೆ. ವರ್ಷಗಟ್ಟಲೆ ನಡೆದ ಸ್ಕ್ರಿಪ್ಟ್ ಅಪ್‌ಗ್ರೇಡಿನ ಮರುದಿನ ನಿಂತುಹೋಗಲು ಈ ಒಂದು ಗೆರೆ ಸಾಕು.

ಈಗಿನ ಹೆಚ್ಚಿನ ಡೆಸ್ಕ್‌ಟಾಪುಗಳು ಎಕ್ಸ್ ಬಿಟ್ಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಬಂದಿವೆ. ಅಲ್ಲಿ ಎಕ್ಸ್‌ರ್ಯಾಂಡರಿನಿಂದ ಅಳತೆ ಸೇರಿಸಲಾಗುವುದಿಲ್ಲ. ಗ್ರಬ್ ಸಂರಚನೆಯಲ್ಲಿ ಕರ್ನಲ್ಲಿಗೆ ವಿಡಿಯೊ ಎಂಬ ಸೂಚನೆ ಕೊಟ್ಟು, ಪೋರ್ಟಿನ ಕರ್ನಲ್ ಹೆಸರು, ಅಳತೆ, ಸೆಕೆಂಡಿಗೆ ಎಷ್ಟು ಬಾರಿ ಎಂಬುದನ್ನು ಬರೆಯಬೇಕು. ಸರಿಯಾಗಿರುವ ಇಡಿಐಡಿ ಫೈಲನ್ನೇ ಫರ್ಮ್‌ವೇರ್ ಫೋಲ್ಡರಿನಲ್ಲಿಟ್ಟು, ಮಾನಿಟರಿನ ಬದಲು ಅದನ್ನು ಓದುವಂತೆ ಕರ್ನಲ್ಲಿಗೆ ಹೇಳುವ ದಾರಿಯೂ ಇದೆ. ಹೀಗೆ ಹೇರಿದ ಯಾವುದೇ ಸೂಚನೆಯನ್ನು ಕೇಬಲ್ ಅಥವಾ ಮಾನಿಟರ್ ಬದಲಿಸಿದ ದಿನ ತೆಗೆದುಹಾಕಬೇಕು. ಇಲ್ಲವಾದರೆ 144 ಹರ್ಟ್ಸಿನ ಹೊಸ ಮಾನಿಟರ್ ಕೂಡ ಹಳೆಯ ಅಳತೆ, ಹಳೆಯ 60 ಹರ್ಟ್ಸಿಗೇ ಅಂಟಿಕೊಳ್ಳಬಹುದು.