ಯೋಜನೆ ಬದಲಾಗುವುದು ಯೋಜಕನ ದೋಷದಿಂದಲೇ?

ಕಾಮಗಾರಿಯೊಂದು ಅರ್ಧಕ್ಕೆ ಬಂದಿರುವಾಗ ನಕ್ಷೆಯನ್ನು ತಿದ್ದಬೇಕೆಂದೋ, ವೆಚ್ಚವನ್ನು ಏರಿಸಬೇಕೆಂದೋ, ಅವಧಿಯನ್ನು ವಿಸ್ತರಿಸಬೇಕೆಂದೋ ಕೋರುವ ಲಿಖಿತ ಮನವಿ ಮೇಲಧಿಕಾರಿಯ ಮೇಜಿಗೆ ಬಂದೊಡನೆ, ಮೊದಲ ಯೋಜನೆಯೇ ಸರಿಯಾಗಿರಲಿಲ್ಲವೆಂದು ಕೆಲವರೂ, ಇದು ಗುತ್ತಿಗೆದಾರನ ಜೇಬು ತುಂಬಿಸಲು ಹೂಡಿದ ಸಂಚೆಂದು ಉಳಿದವರೂ ನಿಶ್ಚಯಿಸಿಬಿಡುತ್ತಾರೆ. ಈ ಎರಡೂ ನಿಜವಾಗಿರುವ ಪ್ರಸಂಗಗಳು ಉಂಟು. ಅದನ್ನು ಅಲ್ಲಗಳೆಯುವ ಧೈರ್ಯ ನಮ್ಮ ರಸ್ತೆಗಳಲ್ಲಿ ನಡೆದಾಡಿದ ಯಾರಿಗೂ ಇರಲಾರದು. ಆದರೆ ನಿಪುಣರೂ ಪ್ರಾಮಾಣಿಕರೂ ಆದವರ ಕಾರ್ಯಗಳಲ್ಲಿಯೂ ಇಂಥ ಮನವಿಗಳು ಹುಟ್ಟುತ್ತವೆ.

ಕನ್ನಂಬಾಡಿ ಕಟ್ಟೆಯನ್ನೇ ನೋಡಬಹುದು. ವಿಶ್ವೇಶ್ವರಯ್ಯನವರು ಒಮ್ಮೆ ನಕ್ಷೆ ಬರೆದರು, ಅದು ಒಂದು ಗೆರೆಯೂ ಅಳಿಯದೆ ಕಲ್ಲಾಗಿ ಎದ್ದು ನಿಂತಿತು ಎಂಬುದು ಜನರ ನಂಬಿಕೆ. ವಾಸ್ತವವಾಗಿ, 41 ಟಿಎಂಸಿಗೂ ಮಿಗಿಲಾದ ನೀರನ್ನು ಹಿಡಿಯುವ, ಎರಡು ಹಂತಗಳ ಯೋಜನೆಯನ್ನು ಮೈಸೂರು ಮುಂದಿಟ್ಟಾಗ, ತನ್ನ ನೀರಾವರಿಗೆ ಧಕ್ಕೆಯಾದೀತೆಂದು ಆಕ್ಷೇಪಿಸಿದ ಮದರಾಸು ಸರ್ಕಾರವು 11 ಟಿಎಂಸಿಯಷ್ಟಕ್ಕೆ ಮಾತ್ರ ಒಪ್ಪಿತು. 1911ರಲ್ಲಿ ಕೆಲಸ ಮೊದಲಾಯಿತು; ಆದರೆ ಮುಂದೊಂದು ದಿನ ಕಟ್ಟೆಯನ್ನು ಏರಿಸಲು ಸಾಧ್ಯವಾಗುವಂತೆ ತಳಪಾಯವನ್ನು ಅಗಲವಾಗಿಯೇ ಹಾಕಲಾಯಿತು. ಇದನ್ನು ಕಂಡು ಮದರಾಸು ಮತ್ತೆ ತಕರಾರೆತ್ತಿ, ವಿವಾದವು ಎರಡೂ ಸರ್ಕಾರಗಳ ನಡುವಣ 1892ರ ಒಪ್ಪಂದದ ಮೇರೆಗೆ ಮಧ್ಯಸ್ಥಗಾರ ಗ್ರಿಫಿನ್ನರ ಪಂಚಾಯಿತಿಗೆ ಹೋಗಿ, 1914ರಲ್ಲಿ ತೀರ್ಪು ಬಂದು, ಆ ತೀರ್ಪಿನ ವಿರುದ್ಧ ಮದರಾಸಿನ ಮೇಲ್ಮನವಿ ಲಂಡನ್ನಿನವರೆಗೂ ಏರಿ, ಕೊನೆಗೆ 1924ರ ಫೆಬ್ರವರಿ 18ರ ಒಪ್ಪಂದದಲ್ಲಿ 124 ಅಡಿಯ ನೀರಿನ ಮಟ್ಟವೂ 44.827 ಟಿಎಂಸಿಯ ಸಂಗ್ರಹವೂ ನಿಷ್ಕರ್ಷೆಯಾದವು. ಇಲ್ಲಿ ಎಂಜಿನಿಯರರ ಗಣಿತವು ತಪ್ಪಿರಲಿಲ್ಲ. ನದಿಯ ಮೇಲೆ ಹಕ್ಕುಳ್ಳ ಮತ್ತೊಬ್ಬರ ಸಮ್ಮತಿಯು ಆ ಗಣಿತದ ಹೊರಗಿದ್ದಿತು. ಮುಂದಾಲೋಚನೆಯಿಂದ ಹಾಕಿದ ತಳಪಾಯವೇ ವ್ಯಾಜ್ಯಕ್ಕೆ ಕಾರಣವಾಯಿತೆಂಬುದನ್ನಂತೂ ಯೋಜಕರು ಮರೆಯತಕ್ಕದ್ದಲ್ಲ.

ಭೂಮಿಯೂ ಇಂಥ ಒಬ್ಬ ಪಾಲುದಾರ. ಪರೀಕ್ಷಾರ್ಥವಾಗಿ ಕೊರೆದ ಕೆಲವು ರಂಧ್ರಗಳು ಆ ರಂಧ್ರಗಳ ವಿಷಯವನ್ನಷ್ಟೇ ಹೇಳುತ್ತವೆ, ನಡುವಿನದು ಊಹೆ. ಕೊಂಕಣ ರೈಲುಮಾರ್ಗಕ್ಕೆ ಸುರಂಗ ಕೊರೆದವರು ಕಠಿಣ ಶಿಲೆಯನ್ನು ಹೇಗೋ ಗೆದ್ದರು; ಅವರನ್ನು ಕಾಡಿದ್ದು ಕೊರೆದಷ್ಟೂ ಕುಸಿಯುತ್ತಿದ್ದ ಮೆದುಮಣ್ಣು.

ಬದಲಾವಣೆಯನ್ನು ಕೇಳುವವನು ಯಾವಾಗಲೂ ಗುತ್ತಿಗೆದಾರನೇ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಸಿಡ್ನಿಯ ಆಪೆರಾ ಹೌಸಿನ ಚರಿತ್ರೆ ಇದಕ್ಕೆ ಉತ್ತರವಾದೀತು. ಅದರ ಶಿಲ್ಪಿ ಊಟ್ಸನ್ನನ ಛಾವಣಿಯ ವಿನ್ಯಾಸವು ಸಿದ್ಧವಾಗುವ ಮುನ್ನವೇ, ರಾಜಕೀಯದ ಅವಸರದಿಂದ, 1959ರ ಮಾರ್ಚಿನಲ್ಲಿ ತಳಭಾಗವನ್ನು ಕಟ್ಟಲಾರಂಭಿಸಿದರು; ಬಳಿಕ ಛಾವಣಿಯ ಭಾರವನ್ನು ಹೊರಲಾರದೆಂದು ಕಂಡುಬಂದ ಕಂಬಗಳನ್ನು ಒಡೆದು ಮತ್ತೆ ಕಟ್ಟಬೇಕಾಯಿತು. ಊಟ್ಸನ್ನನು 1966ರಲ್ಲಿ ರಾಜೀನಾಮೆಯಿತ್ತು ಹೋದ ಮೇಲೆ, ಆಪೆರಾ ಮತ್ತು ವಾದ್ಯಗೋಷ್ಠಿ ಎರಡಕ್ಕೂ ಆಗಬೇಕಿದ್ದ ದೊಡ್ಡ ಸಭಾಂಗಣವನ್ನು, ಅಲ್ಲಿಯ ಬಾನುಲಿ ಸಂಸ್ಥೆಯ ಒತ್ತಾಯದ ಮೇರೆಗೆ, ವಾದ್ಯಗೋಷ್ಠಿಗೇ ಮೀಸಲಿಟ್ಟರು. ಆಗಲೇ ಜೋಡಿಸಿದ್ದ ರಂಗಯಂತ್ರಗಳನ್ನು ಬಿಚ್ಚಿ ತೆಗೆಯಬೇಕಾಯಿತು. 70 ಲಕ್ಷ ಡಾಲರಿನಲ್ಲಿ ಮುಗಿಯಬೇಕಾಗಿದ್ದ ಕಟ್ಟಡವು 1973ರಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ 10 ಕೋಟಿ 20 ಲಕ್ಷ ಡಾಲರನ್ನು ನುಂಗಿತ್ತು. ಅವಸರಪಟ್ಟವರು ರಾಜಕಾರಣಿಗಳು, ಮನಸ್ಸು ಬದಲಿಸಿದವರು ಬಳಸುವವರು. ಅಪವಾದ ಹೊತ್ತವನು ಮಾತ್ರ ಶಿಲ್ಪಿ.

ಹಾಗಾದರೆ ಬದಲಾವಣೆಯನ್ನು ಖಡಾಖಂಡಿತವಾಗಿ ನಿರಾಕರಿಸುವುದೇ ಶಿಸ್ತೆಂದು ಭಾವಿಸುವವರೂ ಉಂಟು. ಅವರಿಗೆ ಪನಾಮಾ ಕಾಲುವೆಯೇ ಉತ್ತರ: ಹಡಗುಗಳನ್ನು ಏರಿಸಿ ಇಳಿಸುವ ಅದರ ಜಲಕೋಶಗಳನ್ನು 95 ಅಡಿ ಅಗಲಕ್ಕೆ ಯೋಚಿಸಿದ್ದಾಗ, ಮುಂದೆ ಬರಲಿರುವ ಹಡಗುಗಳನ್ನು ಮನಸ್ಸಿನಲ್ಲಿಟ್ಟು ಅಮೆರಿಕದ ನೌಕಾಪಡೆ ಹೆಚ್ಚಿನ ಅಗಲ ಬೇಕೆಂದು ಕೋರಿ, 1908ರಲ್ಲಿ ಅದು 110 ಅಡಿಗೆ ಏರಿತು. ಕಾಂಕ್ರೀಟು ಸುರಿಯತೊಡಗಿದ್ದು 1909ರಲ್ಲಿ. ಕೋರಿಕೆ ಅದಕ್ಕೆ ಮೊದಲೇ ಬಂದುದರಿಂದ ತಿದ್ದುಪಡಿ ಕಾಗದದ ಮೇಲೆಯೇ ಮುಗಿಯಿತು. ಸಿಡ್ನಿಯದು ಕಬ್ಬಿಣದ ಮೇಲೆ, ಕಂಬದ ಮೇಲೆ ನಡೆದ ತಿದ್ದುಪಡಿ.

ಇನ್ನು ಈ ಬರಹ, ಸಹಿ, ಮಂಜೂರಾತಿಗಳೆಲ್ಲ ಕೆಂಪುಪಟ್ಟಿಯ ಕಾಲಹರಣವೆಂಬ ಮಾತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಚೇಂಜ್ ರಿಕ್ವೆಸ್ಟ್ ಎಂದರೂ, ಲೋಕೋಪಯೋಗಿ ಇಲಾಖೆಯಲ್ಲಿ ಪರಿಷ್ಕೃತ ಅಂದಾಜು ಎಂದರೂ, ಆ ಕಾಗದ ಕೇಳುವ ಪ್ರಶ್ನೆಗಳು ಕೆಲವೇ: ಏನು ಬದಲಾಗಬೇಕು, ಏಕೆ, ಎಷ್ಟು ಹಣ, ಎಷ್ಟು ದಿನ, ಯಾರ ಒಪ್ಪಿಗೆ. ಮೊದಲ ಕರಾರಿನ ಬೆಲೆ ಮೊದಲ ಕೆಲಸದ ಬೆಲೆ; ಕೆಲಸ ಬೇರೆಯಾದರೆ ಬೆಲೆಯನ್ನು ಯಾರಾದರೂ ಹೊರಲೇಬೇಕು. ಕಾಗದವಿಲ್ಲದೆಡೆ ಬದಲಾವಣೆ ನಿಲ್ಲುವುದಿಲ್ಲ, ಅದರ ಲೆಕ್ಕ ಮಾತ್ರ ಕೊನೆಯ ಬಿಲ್ಲಿನ ದಿನ ಜಗಳವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಆದಕಾರಣ, ಮನೆ ಕಟ್ಟಿಸುತ್ತಿರುವ ಓದುಗರು ಅಡುಗೆಮನೆಯ ಗೋಡೆಯನ್ನು ಎರಡಡಿ ಆಚೆಗೆ ಸರಿಸೆಂದು ಮೇಸ್ತ್ರಿಗೆ ಬಾಯಿಮಾತಿನಲ್ಲಿ ಹೇಳುವ ಮುನ್ನ, ಅದಕ್ಕೆ ತಗಲುವ ಹಣವನ್ನೂ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆಸಿ, ಇಬ್ಬರ ಸಹಿಯನ್ನೂ ಹಾಕಿಸಿಟ್ಟುಕೊಳ್ಳಲಿ.